ಅಪ್‌ಡೇಟ್: ಏಪ್ರಿಲ್ ಬದಲು ಜೂನ್‌ನಲ್ಲಿ ಥಾಯ್ಲೆಂಡಿಗೆ ಹೋಗಿ ಬಂದೆವು

ನಾನೂ ತಮ್ಮನೂ ಮೈಸೂರಿನಿಂದ ಕಡಿಮೆ ಖರ್ಚಿನಲ್ಲಿ ಥಾಯ್ಲೆಂಡಿಗೆ ಹೊರಟಿದ್ದು, ಕೋವಿಡ್ ನಿಯಮಗಳ ಹೆಚ್ಚುವರಿ ಖರ್ಚು ಹೊತ್ತು 2022ರ ಏಪ್ರಿಲ್‌ನಲ್ಲೇ ಹೋಗಬೇಕೇ, ಮುಂದೂಡಬೇಕೇ ಎಂದು ಮಾರ್ಚ್‌ನಲ್ಲಿ ಕೇಳಿದ್ದೆ. ಕಾಯಿರಿ ಎಂದವರಿಗೆಲ್ಲ ಮನಃಪೂರ್ವಕ ಕೃತಜ್ಞತೆಗಳು.

ಆಗಿನ ‘ಟೆಸ್ಟ್ ಅಂಡ್ ಗೋ’ ವ್ಯವಸ್ಥೆಯಲ್ಲಿ ಇಳಿದ ದಿನವೇ ಆರ್‌ಟಿ-ಪಿಸಿಆರ್ ಪರೀಕ್ಷೆ, ವರದಿ ಬರುವವರೆಗೆ ತಂಗಲು ಮಾನ್ಯತೆ ಪಡೆದ ಹೋಟೆಲಿನಲ್ಲಿ ಮುಂಗಡ ಹಣ ಕಟ್ಟಿದ ಒಂದು ರಾತ್ರಿ, 20,000 ಡಾಲರ್ ಮೊತ್ತದ ವಿಮೆ ಇವೆಲ್ಲ ಕಡ್ಡಾಯವಾಗಿದ್ದವು. ಡಾರ್ಮಿಟರಿ ಮಂಚ ಹುಡುಕುವ ನಮ್ಮಂಥವರಿಗೆ ಆ ಒಂದು ರಾತ್ರಿಯೇ ಉಳಿದ ವಾರದ ವಸತಿಗಿಂತ ಭಾರವಾಗುತ್ತಿತ್ತು. ಮೇ 1ರಿಂದ ಲಸಿಕೆ ಪಡೆದವರಿಗೆ ಪರೀಕ್ಷೆ, ಹೋಟೆಲ್ ಎರಡೂ ರದ್ದಾಗಿ, ವಿಮೆಯ ಮೊತ್ತ 10,000 ಡಾಲರಿಗೆ ಇಳಿಯಿತು.

ಉಳಿದದ್ದು ‘ಥಾಯ್ಲೆಂಡ್ ಪಾಸ್’, ಅಂದರೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕಿದ್ದ ಪ್ರವೇಶ ಅನುಮತಿ. ಸರಸ್ವತಿಪುರಂನ ಜೆರಾಕ್ಸ್ ಅಂಗಡಿಯಲ್ಲಿ ಅದರ ಕ್ಯೂಆರ್ ಕೋಡ್ ಮಸುಕಾಗಿ ಬಂದಾಗ, ಅಂಗಡಿಯ ಹುಡುಗ ತನ್ನ ಫೋನಿನಲ್ಲೇ ಸ್ಕ್ಯಾನ್ ಮಾಡಿ ನೋಡಿ, “ಅಣ್ಣ, ಇದು ಓದ್ತಾ ಇಲ್ಲ, ಇನ್ನೊಂದು ತೆಗೀತೀನಿ” ಎಂದು ಹೊಸ ಪ್ರತಿ ತೆಗೆದು, ಒಂದಕ್ಕೇ ದುಡ್ಡು ತೆಗೆದುಕೊಂಡ.

ಉಳಿತಾಯ ಪೂರ್ತಿ ಕೈಗೆ ಸಿಗಲಿಲ್ಲ. ವಿಮಾನ ಇಂಧನ ತುಟ್ಟಿಯಾಗಿದ್ದ ಕಾಲವದು. ದಿನಾಂಕ ಬದಲಿಸಿದ್ದಕ್ಕೆ ದರದ ವ್ಯತ್ಯಾಸ ಕಟ್ಟಬೇಕಾಯಿತು. ಇಳಿದ ಮೇಲೆ ಪಡೆಯುವ ವೀಸಾಕ್ಕೆ ತಲಾ 2,000 ಬಾಟ್ ಯಾವಾಗ ಹೋದರೂ ತಪ್ಪುತ್ತಿರಲಿಲ್ಲ. ಮರಳುವಾಗ, ವಿದೇಶದಿಂದ ಭಾರತಕ್ಕೆ ಬರುವವರು ಆಗ ವಿವರ ತುಂಬಬೇಕಿದ್ದ ‘ಏರ್ ಸುವಿಧಾ’ ಜಾಲತಾಣದಲ್ಲಿ ಲಸಿಕೆ ಪ್ರಮಾಣಪತ್ರ ಹಾಕಿದ್ದು ಸಾಕಾಯಿತು, ಪರೀಕ್ಷೆಯ ಖರ್ಚು ಬರಲಿಲ್ಲ. ಜುಲೈ 1ರಿಂದ ಪಾಸ್ ಮತ್ತು ವಿಮೆಯ ಕಡ್ಡಾಯವೂ ಹೋಯಿತು. ಆದರೆ ಅಷ್ಟರಲ್ಲಿ ತಮ್ಮನ ರಜೆ ಮುಗಿದಿರುತ್ತಿತ್ತು.