‘ವಾಶ್’ ಬಣ್ಣಕ್ಕೆ ‘ಸಂದುಬಣ್ಣ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಾವು ಕೆಲವರು ಸೇರಿ, ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಪುಟ್ಟ ಟ್ಯಾಂಕ್ ಜೋಡಿಸಿ ಬಣ್ಣ ಹಚ್ಚುತ್ತೇವೆ. ಈಗ ಹೈಸ್ಕೂಲ್ ಮಕ್ಕಳೂ ಬರುತ್ತಿದ್ದಾರೆ, ಅವರಿಗಾಗಿ ಕನ್ನಡದಲ್ಲೇ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮಾದರಿ ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕ್, 1:56 ಅಳತೆಯದು, ಉದ್ದ 10 ಸೆಂ.ಮೀ. ಚಿಲ್ಲರೆ.

ತೊಡಕಾಗಿರುವುದು ‘ವಾಶ್’ ಎಂಬ ಮಾತು. ಬಿಡಿಭಾಗಗಳಿಗೆ ಅಚ್ಚಿನ ಎಣ್ಣೆ ಅಂಟಿದ್ದರೆ ಬಣ್ಣ ಹಿಡಿಯುವುದಿಲ್ಲ, ಅದಕ್ಕೆ ಮೊದಲೇ ಸೋಪ್ ನೀರಲ್ಲಿ ತೊಳೆಯಬೇಕು. ಅದೂ ವಾಶ್. ಆಮೇಲೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ), ಅದರ ಮೇಲೆ ಆಲಿವ್ ಹಸಿರು, ಅದು ಚೆನ್ನಾಗಿ ಒಣಗಿದ ಮೇಲೆ (ನಮ್ಮ ಮಳೆಗಾಲದಲ್ಲಿ ಇದಕ್ಕೆ ಜಾಸ್ತಿನೇ ಹೊತ್ತು ಬೇಕು) ತೆಳುವಾದ ಕಡುಕಂದು ಬಣ್ಣ ಹರಿಯಬಿಡುತ್ತೇವೆ. ಇದೂ ವಾಶ್! ‘ಈಗ ವಾಶ್ ಮಾಡಿ’ ಎಂದು ಬರೆದರೆ ಮಗು ಟ್ಯಾಂಕನ್ನು ನಲ್ಲಿ ಕೆಳಗೆ ಹಿಡಿದೀತು, ಅಲ್ವಾ?

ಈ ಬಣ್ಣದ ಕೆಲಸ ನೋಡಿ. ಶರ್ಮನ್ ಮೂತಿಯಲ್ಲಿ ಬೋಲ್ಟ್‌ಗಳ ಸಾಲಿದೆ. ಕುಂಚ ಮುಟ್ಟಿಸಿದ ಕೂಡಲೇ ಬಣ್ಣ ಪ್ರತಿ ಬೋಲ್ಟಿನ ಬುಡಕ್ಕೆ ಸುತ್ತಿಕೊಂಡು ನಿಲ್ಲುತ್ತದೆ, ತಲೆ ಹಸಿರಾಗೇ ಉಳಿಯುತ್ತದೆ. ಮುಚ್ಚಳದ ಅಂಚು, ಬೆಸುಗೆಯ ಗೆರೆ ಎಲ್ಲ ಎದ್ದು ಕಾಣುತ್ತವೆ. ಸಪಾಟು ಜಾಗದಲ್ಲಿ ನಿಂತದ್ದನ್ನು ಮಾತ್ರ ಒಣಗುವ ಮೊದಲೇ ಕುಂಚದಿಂದ ಹೀರಿ ತೆಗೆಯಬೇಕು, ಇಲ್ಲದಿದ್ದರೆ ಕಲೆ ಕೂರುತ್ತದೆ.

‘ತೆಳುಬಣ್ಣ’ ಅಂದರೆ ಸಾಲದು, ತೆಳ್ಳಗೆ ಮಾಡಿ ಇಡೀ ಮೈಗೆ ಹಚ್ಚುವ ಬಣ್ಣವೂ ಇದೆ. ‘ನೀರುಬಣ್ಣ’ ಅಂದರೆ ಚಿತ್ರ ಬರೆಯುವ ಬಣ್ಣ ಅಂದುಕೊಳ್ಳುತ್ತಾರೆ. ಸಂದಿಗೆ ಇಳಿಯುವ ಬಣ್ಣವಾದ್ದರಿಂದ ನನಗೆ ‘ಸಂದುಬಣ್ಣ’ವೇ ಸರಿ ಅನ್ನಿಸಿದೆ. ಕ್ರಿಯೆಗೆ ‘ಸಂದುಬಣ್ಣ ಇಳಿಸು’. ‘ಹಚ್ಚು’, ‘ಬಳಿ’ ಅಂದರೆ ಮಕ್ಕಳು ಇಡೀ ಮೈಗೆ ಮೆತ್ತುತ್ತಾರೆ.

ಮುಂದಿನ ಹಂತಕ್ಕೆ ಪದ ಸಿಕ್ಕಿದೆ. ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದ ಚೂರುಪಾರು ತಿಳಿಬಣ್ಣವನ್ನು ಅಂಚುಗಳಿಗೆ ಸವರುವುದು, ಅದಕ್ಕೆ ‘ಅಂಚು ತೀಡು’ ಅಂತಿಟ್ಟಿದ್ದೇನೆ. ಟ್ಯಾಂಕಿನ ಚಕ್ರಪಟ್ಟಿಗೆ ಸುಮ್ನೆ ‘ಚೈನ್’, ಹಿಟಾಚಿ ನೋಡಿದ ಯಾರಿಗೂ ಅದು ಗೊತ್ತು.

ಶಿರಸಿ ಕಡೆಯವರಲ್ಲಿ ಒಂದು ಕೇಳಿಕೆ. ಗುಡಿಗಾರರು ಕೆತ್ತನೆಯ ತಗ್ಗುಗಳಿಗೆ ಗಾಢ ಬಣ್ಣ ಕೊಡುವುದಿದ್ದರೆ ಆ ಕೆಲಸಕ್ಕೆ ಏನನ್ನುತ್ತಾರೆ? ಯಕ್ಷಗಾನದ ಬಣ್ಣಗಾರಿಕೆಯಲ್ಲಿ ಇಂಥ ಮಾತುಂಟಾ? ಕೈಕಸುಬಿನವರ ಬಾಯಲ್ಲಿ ಇರುವ ಪದ ಸಿಕ್ಕರೆ ನನ್ನ ‘ಸಂದುಬಣ್ಣ’ ಬಿಟ್ಟು ಅದನ್ನೇ ಹಾಕುತ್ತೇನೆ.