ಕಾರವಾರದಲ್ಲಿ ಕಚೇರಿಯ ಹತ್ತಿರ ದಂತವೈದ್ಯರನ್ನು ಆರಿಸುವುದು ಹೇಗೆ?

ಅಂಕೋಲೆಯ ಪ್ರಯಾಣಿಕ:

ನಾನು ದಿನವೂ ಅಂಕೋಲೆಯಿಂದ ಬಸ್ಸಿನಲ್ಲಿ ಕಾರವಾರಕ್ಕೆ ಬಂದು, ಗ್ರೀನ್ ಸ್ಟ್ರೀಟ್ ಸಮೀಪದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕೆಳಗಿನ ಬಲಬದಿಯ ದವಡೆ ಹಲ್ಲು ಹದಿನೈದು ದಿನಗಳಿಂದ ಕಾಡುತ್ತಿದೆ. ಮೊದಮೊದಲು ತಣ್ಣೀರು ತಾಗಿದಾಗ ಮಾತ್ರ ಜುಮ್ಮೆನ್ನುತ್ತಿತ್ತು. ಈಗ ನೀರು ನುಂಗಿದ ಮೇಲೂ ಒಂದೆರಡು ನಿಮಿಷ ನೋವು ಉಳಿಯುತ್ತದೆ, ರಾತ್ರಿ ಮಲಗಿದರೆ ಹಲ್ಲು ಮಿಡಿಯುತ್ತದೆ. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟುಕೊಂಡು ದಿನ ದೂಡುತ್ತಿದ್ದೇನೆ.

ಕಚೇರಿಯ ಹತ್ತಿರವೇ ತೋರಿಸಿಕೊಂಡರೆ ರಜೆ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಆದರೆ ನಮಗೆ ಊಟದ ಬಿಡುವು ಸಿಗುವ ಹೊತ್ತಿಗೆ ಸರಿಯಾಗಿ, ನಾನು ವಿಚಾರಿಸಿದ ಎರಡೂ ಕ್ಲಿನಿಕ್‌ಗಳು ಬಾಗಿಲು ಹಾಕಿ ಮತ್ತೆ ನಾಲ್ಕಕ್ಕೆ ತೆರೆಯುತ್ತವೆ. ಭಾನುವಾರ ಹೇಗೂ ಸಂತೆಗೆ ಬರುತ್ತೇನಲ್ಲ ಎಂದರೆ ಆ ದಿನ ಅವು ತೆರೆಯುವುದೇ ಇಲ್ಲ. ಫಲಕಗಳನ್ನು ಓದಿದರೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಏನನ್ನು ನೋಡಿ ಆರಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಕೋಡಿಬಾಗದ ನಿವಾಸಿ:

ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಹುಳುಕು ಹಲ್ಲಿನ ಒಳಗಿನ ನರದವರೆಗೆ ಇಳಿದಿರಬಹುದು. ಹಾಗಿದ್ದರೆ ಬರೀ ಸಿಮೆಂಟು ತುಂಬಿಸಿ ಮುಗಿಯುವ ಕೆಲಸವಲ್ಲ, ಕೆಟ್ಟ ನರವನ್ನು ತೆಗೆದು ಬೇರಿನ ಒಳಗನ್ನು ತುಂಬುವ ರೂಟ್ ಕೆನಾಲ್ ಆಗಬೇಕಾಗುತ್ತದೆ. ಅದಕ್ಕೆ ಒಂದೇ ಭೇಟಿ ಸಾಕಾಗದೆ ಎರಡು ಮೂರು ಸಲ ಹೋಗಬೇಕಾಗಿ ಬರಬಹುದು, ಆಮೇಲೆ ಹಲ್ಲಿನ ಮೇಲೆ ಕ್ಯಾಪ್ (ಗಟ್ಟಿ ಕವಚ) ಕೂರಿಸಲು ಮತ್ತೆ ಹೋಗಬೇಕು. ಹೀಗಾಗಿ ಊಟದ ಬಿಡುವಿನ ಆಸೆ ಬಿಟ್ಟು, ಸಂಜೆ ಕಚೇರಿ ಬಿಟ್ಟ ಮೇಲೆ ಸಮಯ ಕೊಡುವವರನ್ನು ಹುಡುಕಿರಿ.

ಫಲಕದ ಮೇಲೆ ಎಂ.ಡಿ.ಎಸ್. ಎಂದಿದ್ದ ಮಾತ್ರಕ್ಕೆ ಅವರು ರೂಟ್ ಕೆನಾಲ್ ತಜ್ಞರೆಂದು ತಿಳಿಯಬಾರದು. ದಂತವೈದ್ಯ ಪದವಿಯಾದ ಬಿ.ಡಿ.ಎಸ್. ಆದ ಮೇಲೆ ಮೂರು ವರ್ಷ ಓದುವ ಎಂ.ಡಿ.ಎಸ್.ನಲ್ಲಿ ಹಲವು ವಿಭಾಗಗಳಿವೆ. ಓರೆಹಲ್ಲಿಗೆ ತಂತಿ ಕಟ್ಟುವವರದು ಒಂದು, ಮಕ್ಕಳ ಹಲ್ಲಿನವರದು ಇನ್ನೊಂದು, ನಿಮಗೆ ಬೇಕಾದದ್ದು ಹಲ್ಲಿನ ಒಳಗಿನ ನರದ ಚಿಕಿತ್ಸೆಯ ವಿಭಾಗವಾದ ಎಂಡೋಡಾಂಟಿಕ್ಸ್. ಹಾಗೆಂದು ಬಿ.ಡಿ.ಎಸ್. ಆದವರು ಮಾಡಬಾರದೆಂದೇನಿಲ್ಲ. ನನ್ನ ಹಲ್ಲನ್ನು ಎಂಟು ವರ್ಷಗಳ ಹಿಂದೆ ಅಂಥವರೊಬ್ಬರೇ ಮಾಡಿದರು, ಇಂದಿಗೂ ಅದರಲ್ಲಿ ಅಡಿಕೆ ಕಡಿಯುತ್ತೇನೆ (ಕಡಿಯಬೇಡಿ ಎಂದು ಅವರು ಹೇಳಿದ್ದು ಬೇರೆ ಮಾತು).

ನನಗೆ ಮೋಸವಾದದ್ದು ಅದಕ್ಕೂ ಮೊದಲು, ಬೇರೊಂದು ಕಡೆ. ಚಿಕಿತ್ಸೆಯ ದರವೆಂದು ಹೇಳಿದ್ದರಲ್ಲಿ ಕ್ಯಾಪ್ ಸೇರಿರಲಿಲ್ಲ ಎಂಬುದು ಕೊನೆಯ ದಿನ ಗೊತ್ತಾಯಿತು. ಎಕ್ಸ್-ರೇ ಕೇಳಿದರೆ ಅದು ಕಂಪ್ಯೂಟರಿನಲ್ಲಿದೆ ಎಂದರು, ಕೊಡಲಿಲ್ಲ. ಆದುದರಿಂದ ರೂಟ್ ಕೆನಾಲ್‌ಗೆ ಎಷ್ಟು, ಕ್ಯಾಪಿಗೆ ಎಷ್ಟು, ಅದು ಲೋಹದ್ದೋ ಪಿಂಗಾಣಿ ಮೆತ್ತಿದ್ದೋ ಜಿರ್ಕೋನಿಯಾವೋ ಎಂಬುದನ್ನು ಮೊದಲ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಕೆಲಸ ಮುಗಿದ ಮೇಲಿನ ಎಕ್ಸ್-ರೇಯನ್ನು ಮೊಬೈಲಿಗೆ ಕಳಿಸಿಕೊಳ್ಳಿರಿ.

ಅವರ್ಸಾದವಳು:

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬೇಡಿ. ಆದರೆ ಕಚೇರಿಯ ಹತ್ತಿರ ಎಂಬುದೇ ಸರಿಯಾದ ಆಯ್ಕೆಯೇ ಎಂದು ನನಗೆ ಅನುಮಾನವಿದೆ. ನಾನೂ ಕಾರವಾರದಲ್ಲಿಯೇ ತೋರಿಸಿಕೊಂಡು, ಸಂಜೆ ದವಡೆ ಮರಗಟ್ಟಿದ ಸ್ಥಿತಿಯಲ್ಲಿ ಬಸ್ಸು ಹತ್ತಿದೆ. ಬಿಣಗಾ ದಾಟುವಾಗ ಪಕ್ಕದವರೊಂದಿಗೆ ಮಾತಾಡುತ್ತಾ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡದ್ದು, ಊರಲ್ಲಿ ಇಳಿದು ಕರವಸ್ತ್ರದಲ್ಲಿ ರಕ್ತ ಕಂಡಾಗಲೇ ತಿಳಿದದ್ದು. ಅರಿವಳಿಕೆ ಇಳಿಯಲು ಎರಡು ಮೂರು ತಾಸು ಬೇಕು. ನಿಜವಾದ ನೋವು ಏಳುವುದು ಆಮೇಲೆ, ಮನೆಯಲ್ಲಿ, ರಾತ್ರಿ. ಆಗ ವೈದ್ಯರು 35 ಕಿಲೋಮೀಟರ್ ದೂರದಲ್ಲಿರುತ್ತಾರೆ. ಅಂಕೋಲೆಯಲ್ಲಿಯೇ ಬೆಳಿಗ್ಗೆ ಬೇಗ ಅಥವಾ ಶನಿವಾರ ನೋಡುವವರಿದ್ದರೆ ಅವರನ್ನೊಮ್ಮೆ ವಿಚಾರಿಸಿ. ಅದು ಆಗದಿದ್ದರೆ, ಮನೆಗೆ ಹೋಗಿ ಮರಗಟ್ಟಿದ್ದು ಬಿಡುವವರೆಗೆ ಬಿಸಿಯದೇನನ್ನೂ ಬಾಯಿಗೆ ಹಾಕದೆ, ಆಮೇಲೆ ಮೆತ್ತಗಿನ ಅನ್ನಕ್ಕೆ ತಂಬುಳಿ ಕಲಸಿಕೊಂಡು ಇನ್ನೊಂದು ಬದಿಯಲ್ಲಿ ಉಣ್ಣಿರಿ.

ದಂತ ಕ್ಲಿನಿಕ್‌ನಲ್ಲಿ ಸಹಾಯಕಿ:

ಹತ್ತಿರ, ದೂರ ಎಂಬುದಕ್ಕಿಂತ ಮೊದಲು ನಾನು ನೋಡಲು ಹೇಳುವುದು ಉಪಕರಣಗಳನ್ನು. ಅವು ಆಟೋಕ್ಲೇವ್‌ನಿಂದ (ಹಬೆಯ ಶಾಖದಲ್ಲಿ ರೋಗಾಣು ಕೊಲ್ಲುವ ಯಂತ್ರದಿಂದ) ಬಂದವಾದರೆ ಒಂದು ಬದಿ ಕಾಗದ, ಒಂದು ಬದಿ ಪಾರದರ್ಶಕವಾದ ಲಕೋಟೆಯಲ್ಲಿರುತ್ತವೆ. ಅದರ ಅಂಚಿನ ಗುರುತು ಹಬೆಯ ಶಾಖಕ್ಕೆ ಬಣ್ಣ ಬದಲಾಯಿಸಿರುತ್ತದೆ. ಅದನ್ನು ನಿಮ್ಮ ಎದುರಿಗೇ ಹರಿಯಬೇಕು. ಕೇಳಿದರೆ ಬೇಸರ ಪಡುವವರಲ್ಲಿಗೆ ಹೋಗಬೇಡಿ. ರೂಟ್ ಕೆನಾಲ್ ಮಾಡುವಾಗ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆಯೇ ಎಂದೂ ಕೇಳಿ: ಜೊಲ್ಲು ಒಳಗಿಳಿಯದಂತೆ, ಸೂಜಿಯಂಥ ಸಣ್ಣ ಉಪಕರಣ ಗಂಟಲಿಗೆ ಜಾರದಂತೆ ಅದು ತಡೆಯುತ್ತದೆ.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ ಇದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು. ಕವಳ (ಎಲೆಯಡಿಕೆ) ಹಾಕುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬೇಡಿ. ಅಡಿಕೆ, ತಂಬಾಕಿನಿಂದ ಕೆನ್ನೆಯೊಳಗೆ ಬಿಳಿ ಮಚ್ಚೆಯಾಗಿದೆಯೇ, ಬಾಯಿ ತೆರೆಯುವುದು ಕಡಿಮೆಯಾಗಿದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಲವಂಗದ ಎಣ್ಣೆ ತುಸುಹೊತ್ತು ನೋವು ಮರೆಸಬಹುದು, ಆದರೆ ಪದೇ ಪದೇ ತಾಗಿದರೆ ವಸಡು ಸುಡುತ್ತದೆ. ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದಂತೂ ಬೇಡ. ಒಳಗಿನ ನರದ ಉರಿಯೂತವನ್ನು ಅದು ಇಳಿಸುವುದಿಲ್ಲ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಇಲ್ಲವೇ ನುಂಗಲು ಕಷ್ಟವಾದರೆ, ಸಂಜೆಯ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರವಾಗಿ ಕಾರವಾರದ ಸರ್ಕಾರಿ ಆಸ್ಪತ್ರೆಯಾದ ಕ್ರಿಮ್ಸ್‌ಗೆ ಹೋಗಿರಿ.

ಅಂಕೋಲೆಯ ಪ್ರಯಾಣಿಕ:

ಎಲ್ಲರಿಗೂ ಕೃತಜ್ಞತೆಗಳು. ಅಂಕೋಲೆಯಲ್ಲಿ ವಿಚಾರಿಸಿದೆ, ಶನಿವಾರಕ್ಕೆ ಇನ್ನೂ ಮೂರು ವಾರ ಕಾಯಬೇಕಂತೆ. ಕಾರವಾರದಲ್ಲಿ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಒಂದು ಕಡೆ ಗುರುವಾರ ಸಂಜೆ 5.45ಕ್ಕೆ ಸಮಯ ಸಿಕ್ಕಿದೆ. ಫೋನಿನಲ್ಲಿಯೇ ಲಕೋಟೆಯ ಬಗ್ಗೆ ಕೇಳಿದೆ. ಎತ್ತಿಕೊಂಡ ಹುಡುಗಿ ನಕ್ಕು, ಬಂದಾಗ ನೀವೇ ಹರಿಯಿರಿ ಎಂದಳು. ಕವಳದ ವಿಷಯವನ್ನು ಮಾತ್ರ ಇನ್ನೂ ಹೇಳಿಲ್ಲ, ಗುರುವಾರ ಹೇಳುತ್ತೇನೆ.