ಮೊದಲ ಪಂದ್ಯ ಸೋತ ತಂಡ ಮರುದಿನ ಮತ್ತೆ ಆಡಿದ್ದು ಹೇಗೆ? ಚೆನ್ನಾಗಿ ಎಸೆದ ಹುಡುಗನನ್ನು ಬೆಂಚಿನ ಮೇಲೆ ಕೂಡಿಸಿದ್ದೇಕೆ?

ಪ್ರಶ್ನೆ (ಸಪ್ತಾಪುರ, ಧಾರವಾಡ)

ಮಾನ್ಯರೇ, ನನ್ನ ಅಕ್ಕನ ಮಗ ಅಮೆರಿಕದಲ್ಲಿಯೇ ಹುಟ್ಟಿ ಬೆಳೆದವನು. ಈಗ ಇಪ್ಪತ್ತು ವರ್ಷ. ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತ, ಅದರ ಬೇಸ್‌ಬಾಲ್ ಕ್ಲಬ್ ತಂಡದಲ್ಲಿ ಪಿಚರ್ (ಬ್ಯಾಟರಿಗೆ ಚೆಂಡು ಎಸೆಯುವವನು) ಆಗಿ ಆಡುತ್ತಾನೆ. ಮೇ ತಿಂಗಳ ಕೊನೆಯಲ್ಲಿ ಅವನ ತಂಡ ಕಾಲೇಜು ಕ್ಲಬ್ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾಗಿತ್ತು. ಶುಕ್ರವಾರದ ಪಂದ್ಯದಲ್ಲಿ ಐದು ಇನಿಂಗ್ಸ್ (ಬೇಸ್‌ಬಾಲಿನಲ್ಲಿ ಎರಡೂ ತಂಡಗಳು ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್) ಅವನೇ ಎಸೆದನು. ಅವನು ಎಸೆತ ಮುಗಿಸಿ ಹೊರಬಂದ ಮೇಲೆ ಎದುರಾಳಿಗಳು ರನ್ ಸೂರೆ ಮಾಡಿ 9–2ರಿಂದ ಗೆದ್ದರು. ಇನ್ನೇನು, ಮುಗಿಯಿತು ಎಂದುಕೊಂಡೆವು. ಆದರೆ ಶನಿವಾರ ನಮ್ಮ ಹುಡುಗನ ತಂಡದವರು ಮತ್ತೆ ಆಡಿ 6–5ರಿಂದ ಗೆದ್ದರು, ಭಾನುವಾರ ಸೋತು ಮನೆಗೆ ಹೊರಟರು. ಈ ಎರಡೂ ದಿನ ನಮ್ಮ ಹುಡುಗ ಬೆಂಚಿನ ಮೇಲೆಯೇ ಕುಳಿತಿದ್ದನು. ರಾತ್ರಿಯೆಲ್ಲ ಎಚ್ಚರವಿದ್ದು ಫೋನಿನಲ್ಲಿ ನೋಡುತ್ತಿದ್ದ ನಮ್ಮ ಅವ್ವನಿಗೆ ಬಹಳ ನೋವಾಗಿದೆ. "ಛಲೋ ಒಗ್ಯಾವನ್ನ ಯಾಕ ಕೂಡಿಸಿದ್ರು?" ಎಂದು ದಿನಕ್ಕೆರಡು ಸಲ ಕೇಳುತ್ತಾರೆ. ಸೋತ ತಂಡಕ್ಕೆ ಮತ್ತೆ ಅವಕಾಶ ಸಿಗುವುದು ಹೇಗೆ, ಹುಡುಗನಿಗೆ ನಿಜವಾಗಿಯೂ ಅನ್ಯಾಯವಾಗಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ವಿದ್ಯಾನಗರ, ಹುಬ್ಬಳ್ಳಿ)

ನಾನು ಅಲ್ಲಿ ಓದುವಾಗ ಅಂಥದೇ ಒಂದು ಕ್ಲಬ್ ತಂಡಕ್ಕೆ ಎರಡು ವರ್ಷ ಸ್ಕೋರ್ ಬರೆದವನು. ಮೊದಲು ಈ ಪಂದ್ಯಾವಳಿ ಯಾವುದೆಂದು ಹೇಳುತ್ತೇನೆ. ಅಲ್ಲಿ ವಿಶ್ವವಿದ್ಯಾಲಯದ ಅಧಿಕೃತ ತಂಡ ಬೇರೆ, ಕ್ಲಬ್ ತಂಡ ಬೇರೆ. ಅಧಿಕೃತ ತಂಡಗಳು ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆಯ ಅಡಿಯಲ್ಲಿ ಆಡುತ್ತವೆ. ಅವುಗಳ ಮೊದಲ ಡಿವಿಷನ್ನಿನ ಅಂತಿಮ ಹಂತ 1950ರಿಂದಲೂ ನೆಬ್ರಾಸ್ಕದ ಒಮಾಹಾ ನಗರದಲ್ಲಿ ನಡೆಯುತ್ತ ಬಂದಿದೆ. ಕ್ಲಬ್ ತಂಡಗಳನ್ನು ನಡೆಸುವುದು 2000ದಲ್ಲಿ ಆರಂಭವಾದ ನ್ಯಾಷನಲ್ ಕ್ಲಬ್ ಬೇಸ್‌ಬಾಲ್ ಅಸೋಸಿಯೇಷನ್. ಈ ಹುಡುಗರಿಗೆ ಕ್ರೀಡಾ ವಿದ್ಯಾರ್ಥಿವೇತನ ಇರುವುದಿಲ್ಲ. ವಂತಿಗೆ ಕೂಡಿಸುವುದು, ಮೈದಾನ ಗೊತ್ತುಮಾಡುವುದು, ವ್ಯಾನು ಬಾಡಿಗೆಗೆ ಹಿಡಿಯುವುದು, ಇವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳದೇ ಕೆಲಸ. ಪರೀಕ್ಷೆ ಮುಗಿಸಿ, ಕೈಯಿಂದ ಹಣ ಹಾಕಿ, ದೂರದ ಊರಿಗೆ ಹೋಗಿ ಆಡುವ ಇವರ ಬಗ್ಗೆ ನನಗೆ ಇಂದಿಗೂ ಬಹಳ ಗೌರವವಿದೆ. ಪ್ರಾದೇಶಿಕ ಹಂತ ಗೆದ್ದ ಎಂಟು ತಂಡಗಳಷ್ಟೇ ಕೊನೆಯ ಹಂತಕ್ಕೆ ಬರುತ್ತವೆ. ನಿಮ್ಮ ಹುಡುಗ ಅಲ್ಲಿಗೆ ಮುಟ್ಟಿದ್ದೇ ದೊಡ್ಡ ಮಾತು.

ಇನ್ನು ಸೋತ ಮೇಲೂ ಆಡಿದ್ದರ ವಿಷಯ. ಇದಕ್ಕೆ ಡಬಲ್ ಎಲಿಮಿನೇಷನ್ ಎನ್ನುತ್ತಾರೆ: ಎರಡು ಸಲ ಸೋತ ತಂಡವೇ ಹೊರಗೆ. ಒಮ್ಮೆ ಸೋತವರು ಸೋತವರ ಸಾಲಿಗೆ ಇಳಿದು ಅಲ್ಲಿ ಗೆಲ್ಲುತ್ತ ಹೋಗಬೇಕು. ನಾಕೌಟ್ ಆದರೆ ಎಂಟು ತಂಡಗಳಿಗೆ ಏಳು ಪಂದ್ಯ ಸಾಕು. ಇಲ್ಲಿ ಏಳು ತಂಡಗಳು ತಲಾ ಎರಡು ಸಲ ಸೋಲಬೇಕಾದ್ದರಿಂದ ಕನಿಷ್ಠ ಹದಿನಾಲ್ಕು, ಚಾಂಪಿಯನ್ ತಂಡವೂ ಒಮ್ಮೆ ಸೋತಿದ್ದರೆ ಹದಿನೈದು ಪಂದ್ಯಗಳಾಗುತ್ತವೆ. ಈ ಅವಕಾಶ ಪುಕ್ಕಟೆ ಬರುವುದಿಲ್ಲ ಎಂಬುದನ್ನೂ ನೋಡಬೇಕು. ಒಂದೂ ಸೋಲದ ತಂಡ ನಾಲ್ಕೇ ಪಂದ್ಯದಲ್ಲಿ ಕಪ್ ಎತ್ತಿದರೆ, ಮೊದಲ ಪಂದ್ಯದಲ್ಲೇ ಸೋತ ತಂಡ ಕಪ್ ಮುಟ್ಟಲು ಒಟ್ಟು ಏಳು ಪಂದ್ಯ ಆಡಬೇಕಾಗುತ್ತದೆ. ಆ ಹೆಚ್ಚಿನ ಮೂರು ಪಂದ್ಯಗಳಿಗೆ ಎಸೆಯುವವರು ಯಾರು? ಅವ್ವನವರ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ.

ಒಂಬತ್ತು ಇನಿಂಗ್ಸ್ ಆಡುವಾಗ ಒಂದು ತಂಡದ ಕಡೆಯಿಂದ ಸುಮಾರು ನೂರಿಪ್ಪತ್ತರಿಂದ ನೂರೈವತ್ತು ಎಸೆತಗಳಾಗುತ್ತವೆ. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ, ನಮ್ಮ ಕ್ರಿಕೆಟ್ ಚೆಂಡಿಗಿಂತ ಹಗುರವೇ. ಆದರೆ ಬೌಲರನಿಗೆ ಓಟದ ಬಲವಿರುತ್ತದೆ, ಪಿಚರನಿಗೆ ಅದಿಲ್ಲ. ದಿಬ್ಬದ ಮೇಲೆ ನಿಂತಲ್ಲಿಂದಲೇ, ಎರಡು ಬೆರಳನ್ನು ಕೆಂಪು ಹೊಲಿಗೆಯ ಮೇಲಿಟ್ಟು, ಮೊಣಕೈ ಮಡಿಸಿ ಒಮ್ಮೆಲೇ ಬೀಸಿ, 18.44 ಮೀಟರ್ ಆಚೆ, ಬ್ಯಾಟರ್ ನಿಲ್ಲುವಲ್ಲಿ ನೆಲದ ಮೇಲಿರುವ ಹೋಮ್ ಪ್ಲೇಟಿನ ಮೇಲೆ ಹಾಯುವಂತೆ ಒಗೆಯಬೇಕು. ಪ್ರತಿ ಎಸೆತದ ಎಳೆತವೂ ಭುಜಕ್ಕೆ ಮತ್ತು ಮೊಣಕೈಯ ಒಳಬದಿಯಲ್ಲಿ ಎಲುಬುಗಳನ್ನು ಹಿಡಿದಿಡುವ ಕಟ್ಟಿಗೆ (ಲಿಗಮೆಂಟ್) ಬೀಳುತ್ತದೆ. ಆ ಕಟ್ಟು ಪೂರ್ತಿ ಹರಿದರೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಗತಿ, ಮತ್ತೆ ಆಡಲು ವರ್ಷವೇ ಬೇಕು. ಆದ್ದರಿಂದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಗಳು ವಯಸ್ಸಿಗೆ ತಕ್ಕಂತೆ ಎಸೆತಗಳ ಮಿತಿಯನ್ನು ಸೂಚಿಸಿವೆ. 19ರಿಂದ 22 ವರ್ಷದವರು ದಿನಕ್ಕೆ 120 ಎಸೆತ ಮೀರಬಾರದು. 31ರಿಂದ 45 ಎಸೆದರೆ ಒಂದು ದಿನ, 46ರಿಂದ 60 ಆದರೆ ಎರಡು ದಿನ, 61ರಿಂದ 80 ಆದರೆ ಮೂರು ದಿನ ವಿಶ್ರಾಂತಿ ಬೇಕು. ನಾನು ಸ್ಕೋರ್ ಬರೆಯುವಾಗ ಪ್ರತಿ ಎಸೆತಕ್ಕೂ ಒಂದು ಗೀಟು ಎಳೆಯುತ್ತಿದ್ದೆ, ಇನಿಂಗ್ಸ್ ಮುಗಿದೊಡನೆ ಕೋಚ್ ಬಂದು ಮೊದಲು ನೋಡುತ್ತಿದ್ದುದು ರನ್ನನ್ನಲ್ಲ, ಆ ಗೀಟುಗಳನ್ನು. ನಿಮ್ಮ ಹುಡುಗ ಶುಕ್ರವಾರ ಎಷ್ಟು ಎಸೆದನೆಂದು ಅವನನ್ನೇ ಕೇಳಿರಿ.

ಉತ್ತರ (ಹಾವೇರಿ)

ನಾನು ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಬೋಧಕ. ಮೇಲಿನವರು ಹೇಳಿದ್ದು ಸರಿ. ನನ್ನ ಒಂದು ಹಳೆಯ ಕೊರಗನ್ನು ಇಲ್ಲಿ ಹೇಳಬೇಕೆನಿಸಿತು. ನಮ್ಮ ಅಂತರಕಾಲೇಜು ಬೇಸ್‌ಬಾಲ್ ಪಂದ್ಯಗಳು ಹೆಚ್ಚಾಗಿ ನಾಕೌಟ್ ಆಗಿರುತ್ತವೆ. ಹುಡುಗರು ನಸುಕಿನಲ್ಲಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, ಎರಡು ತಾಸಿನಲ್ಲಿ ಸೋತು, ಬುತ್ತಿ ಬಿಚ್ಚಿ ಉಂಡು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ವರ್ಷದ ಅಭ್ಯಾಸ ಒಂದು ಕೆಟ್ಟ ಇನಿಂಗ್ಸ್‌ಗೆ ಮುಗಿದುಹೋಗುತ್ತದೆ. ಎಂಟು ತಂಡಗಳಿಗೆ ಹದಿನೈದು ಪಂದ್ಯ ನಮ್ಮಿಂದಾಗದು, ಒಪ್ಪುತ್ತೇನೆ. ಆದರೆ ನಾಲ್ಕು ತಂಡಗಳಾದರೆ ಆರು ಅಥವಾ ಏಳೇ ಪಂದ್ಯ. ಏಳು ಇನಿಂಗ್ಸ್‌ನಂತೆ ಆಡಿಸಿದರೆ ಎರಡು ಅಂಕಣಗಳಲ್ಲಿ ಎರಡು ದಿನಕ್ಕೆ ಮುಗಿಯುತ್ತವೆ. ಆದರೆ ಎಸೆತ ಎಣಿಸುವ ಶಿಸ್ತು ಮೊದಲು ಬರಬೇಕು. ಒಳ್ಳೆಯ ಕೈ ಒಂದೇ ಇದೆಯೆಂದು ಒಬ್ಬನಿಂದಲೇ ಎರಡೂ ದಿನ ಎಸೆಯಿಸುವುದಾದರೆ ಈ ಪದ್ಧತಿ ಬೇಡವೇ ಬೇಡ. ಹಾಗೆ ಎಸೆಯಿಸಿ ಭುಜ ಕಳೆದುಕೊಂಡ ಒಬ್ಬ ಹುಡುಗನನ್ನು ನಾನು ಕಂಡಿದ್ದೇನೆ. ತಲೆ ಬಾಚಿಕೊಳ್ಳಲು ಕೈ ಎತ್ತುವಾಗಲೂ ಅವನ ಮುಖ ಕಿವಿಚುತ್ತಿತ್ತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಮಾಮಾ, ಎಪ್ಪತ್ನಾಲ್ಕು" ಎಂದು ತಟ್ಟನೆ ಹೇಳಿದನು. ಅಂದರೆ ಶನಿವಾರ, ಭಾನುವಾರ, ಸೋಮವಾರ ಮೂರೂ ದಿನ ವಿಶ್ರಾಂತಿ. ಮಂಗಳವಾರದವರೆಗೆ ತಂಡ ಉಳಿದಿದ್ದರೆ ಅವನೇ ಎಸೆಯಬೇಕೆಂದು ಗೊತ್ತಾಗಿತ್ತಂತೆ. ಶನಿವಾರ ಎಸೆದವನು ಮೊದಲ ವರ್ಷದ ಹುಡುಗನೆಂದೂ, ಅವನ ಪಕ್ಕದಲ್ಲಿ ಕುಳಿತು ಪ್ರತಿ ಇನಿಂಗ್ಸ್ ನಡುವೆ ಎದುರಾಳಿ ಬ್ಯಾಟರುಗಳ ಬಗ್ಗೆ ಹೇಳಿಕೊಟ್ಟವನು ತಾನೇ ಎಂದೂ ತಿಳಿಸಿದನು. ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಟು ತಂಡಗಳ ಗೆರೆ ಎಳೆದು ಇದನ್ನೆಲ್ಲ ಅವ್ವನಿಗೆ ತಿಳಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಭುಜಕ್ಕೆ ಎಣ್ಣೆ ಹಚ್ಚಿ ತಿಕ್ಕಲು ಅಲ್ಲಿ ಯಾರಾದರೂ ಇದ್ದಾರೇನೆಂದು ವಿಚಾರಿಸಲು ಹೇಳಿದ್ದಾರೆ.